ಸುಮ್ಮನಿರುವ ಡಿಸ್ಕ್

ಬ್ಯಾಕಪ್‌ಗೆ ಅಂತ ಹಾರ್ಡ್ ಡಿಸ್ಕ್ ಇಟ್ಟುಕೊಂಡಿರುವ ಯಾರನ್ನಾದರೂ ಕೇಳಿ ನೋಡಿ, ಅದು ಈಗ ಎಲ್ಲಿದೆ ಅಂತ. ಬಹಳ ಜನ ಒಂದು ಕ್ಷಣ ಯೋಚನೆ ಮಾಡುತ್ತಾರೆ. ಡ್ರಾಯರ್‌ನಲ್ಲಿದೆ. ಬ್ಯಾಗಿನಲ್ಲಿರಬೇಕು. ಬಂದ ಡಬ್ಬದಲ್ಲೇ ಇದೆ ಅನ್ಸುತ್ತೆ. ಕಂಪ್ಯೂಟರಿಗೆ ಸಿಕ್ಕಿಸಿಯೇ ಇದೆ ಅನ್ನುವವರು ಕಡಿಮೆ. ಯಾಕೆ ತೆಗೆದಿಟ್ಟಿರಿ ಅಂದರೆ ಏನೇನೋ ಕಾರಣ ಹೇಳುತ್ತಾರೆ, ಆದರೆ ಸ್ವಲ್ಪ ಕೆದಕಿದರೆ ಒಂದು ಮಾತು ಪದೇ ಪದೇ ಹೊರಗೆ ಬರುತ್ತದೆ: "ಅದರ ಸದ್ದು ತಡೆಯೋಕಾಗಲ್ಲ ಮಾರಾಯ."

ಇದು ನನ್ನ ತಲೆಯಲ್ಲಿ ಬಹಳ ದಿನದಿಂದ ಕೊರೆಯುತ್ತಿದೆ. ಡಿಸ್ಕ್ ಕೊಳ್ಳುವಾಗ ಎಷ್ಟು ಟಿಬಿ, ಎಷ್ಟು ಸ್ಪೀಡು, ಯಾವ ಕಂಪನಿ ಅಂತ ನೋಡುತ್ತೇವೆ. ಸದ್ದಿನ ವಿಚಾರ ಬರುವುದು ಕೊನೆಗೆ, ಅದೂ ನೆನಪಾದರೆ. ಅದೇನೋ ಶೋಕಿ ವಿಷಯ ಅನ್ನುವ ಹಾಗೆ. ನನಗೆ ಹಾಗನಿಸುವುದಿಲ್ಲ. ಬ್ಯಾಕಪ್ ಡಿಸ್ಕಿನ ಮಟ್ಟಿಗೆ ಸದ್ದು ಮತ್ತು ನಂಬಿಕೆ ಬೇರೆ ಬೇರೆ ಅಲ್ಲ. ಸದ್ದು ಮಾಡುವ ಡಿಸ್ಕನ್ನು ಜನ ಕಿತ್ತಿಡುತ್ತಾರೆ. ಕಿತ್ತಿಟ್ಟ ಡಿಸ್ಕ್ ಎಷ್ಟೇ ಗಟ್ಟಿಮುಟ್ಟಾಗಿದ್ದರೂ ಅದರಲ್ಲಿ ಹೊಸ ಬ್ಯಾಕಪ್ ಇರುವುದಿಲ್ಲ.

ಗೆಳೆಯನೊಬ್ಬನಿದ್ದಾನೆ, ಮನೆಯಲ್ಲೇ ಕೂತು ಮೈಕಿನ ಮುಂದೆ ಕಥೆ ಓದಿ ರೆಕಾರ್ಡ್ ಮಾಡುವವನು. ಒಳ್ಳೆಯ ದೊಡ್ಡ ಡಿಸ್ಕ್ ತಂದಿದ್ದ, ಮೇಜಿನ ಮೇಲೆ ನಿಲ್ಲಿಸುವಂಥದ್ದು, ಬೇರೆ ಅಡಾಪ್ಟರ್ ಬೇಕಾಗುವಂಥದ್ದು. ಬ್ಯಾಕಪ್ ತಂತಾನೇ ಆಗುವ ಹಾಗೆ ಎಲ್ಲ ಸರಿಯಾಗಿ ಹೊಂದಿಸಿದ್ದ. ನಾನು ಒಮ್ಮೆ ಅವನ ಕೋಣೆಯಲ್ಲಿ ಕೂತಿದ್ದಾಗ ಅದು ನಿದ್ದೆಯಿಂದ ಎದ್ದಿತು. ಮೊದಲು ಟಕ್ ಅಂತ ಒಂದು ಸದ್ದು, ಆಮೇಲೆ ಮೇಲೇರುವ ಗುಂಯ್ ಅನ್ನುವ ದನಿ, ಆಮೇಲೆ ಕಿರ್ ಕಿರ್ ಕಿರ್. ಓದುತ್ತಿದ್ದವನು ಅರ್ಧಕ್ಕೆ ನಿಲ್ಲಿಸಿ, ಒಂದು ಮಾತೂ ಆಡದೆ ಕೈ ಚಾಚಿ ಸ್ವಿಚ್ ಆರಿಸಿದ. ಅವನ ಕೈ ಅಲ್ಲಿಗೆ ಹೋದ ರೀತಿ ನೋಡಿದರೆ ಇದು ದಿನಾ ನಡೆಯುವ ಕೆಲಸ ಅಂತ ಗೊತ್ತಾಗುತ್ತಿತ್ತು. ರೆಕಾರ್ಡಿಂಗ್ ಮುಗಿದ ಮೇಲೆ ಹಾಕ್ತೀನಿ ಅಂದ. ಅವತ್ತು ನಾನು ಹೊರಡುವವರೆಗೂ ಹಾಕಲಿಲ್ಲ.

ಮುಂದೆ ಅವನ ಲ್ಯಾಪ್‌ಟಾಪಿನ ಒಳಗಿನ ಎಸ್‌ಎಸ್‌ಡಿ, ಅಂದರೆ ತಿರುಗುವ ಭಾಗವಿಲ್ಲದ, ಚಿಪ್‌ಗಳಲ್ಲಿ ಮಾಹಿತಿ ಇಡುವ ಡಿಸ್ಕ್, ಕೈಕೊಟ್ಟಿತು. ಎಸ್‌ಎಸ್‌ಡಿ ಸಾಯುವಾಗ ಗೊಣಗುವುದೂ ಇಲ್ಲ, ನರಳುವುದೂ ಇಲ್ಲ. ಬೆಳಗ್ಗೆ ಇದ್ದದ್ದು ಮಧ್ಯಾಹ್ನ ಇರಲಿಲ್ಲ, ಅಷ್ಟೆ. ಬ್ಯಾಕಪ್ ತೆರೆದು ನೋಡಿದರೆ ಕೊನೆಯ ನಕಲು ತಿಂಗಳುಗಟ್ಟಲೆ ಹಳೆಯದು. ಡಿಸ್ಕ್ ಚೆನ್ನಾಗಿಯೇ ಇತ್ತು. ಸಾಫ್ಟ್‌ವೇರ್ ಚೆನ್ನಾಗಿಯೇ ಇತ್ತು. ಸ್ವಿಚ್ ಮಾತ್ರ ಆರಿತ್ತು.

ಅವನನ್ನು ಬೈಯುವುದು ಸುಲಭ. ಆದರೆ ಯೋಚನೆ ಮಾಡಿ, ಮನುಷ್ಯ ತನ್ನ ಕೆಲಸದ ನಡುವೆ ದಿನವಿಡೀ ಕಿರಿಕಿರಿ ಮಾಡುವ ವಸ್ತುವನ್ನು ಎಷ್ಟು ದಿನ ಸಹಿಸಬಹುದು? ಬೈಗುಳಕ್ಕೆ ಅರ್ಹವಾದದ್ದು ಆ ಡಿಸ್ಕಿನ ಆಯ್ಕೆ. ಆ ಕೋಣೆಗೆ ಅದು ಹೊಂದುತ್ತಿರಲಿಲ್ಲ.

ಈ ಸದ್ದು ಎಲ್ಲಿಂದ ಬರುತ್ತದೆ?

ಹಾರ್ಡ್ ಡಿಸ್ಕಿನ ಸದ್ದು ಅಂದರೆ ಒಂದೇ ಸದ್ದಲ್ಲ. ಒಳಗೆ ಮಾಹಿತಿ ಬರೆದಿಡುವ ತಟ್ಟೆಗಳು ತಿರುಗುವಾಗ ಬರುವ ಗುಂಯ್ ಒಂದು. ಓದುವ ತಲೆ ಅತ್ತಿಂದಿತ್ತ ಓಡುವಾಗ ಬರುವ ಕಿರ್ ಕಿರ್ ಇನ್ನೊಂದು. ತಲೆಯನ್ನು ಪಕ್ಕಕ್ಕೆ ಸರಿಸಿ ನಿಲ್ಲಿಸುವಾಗ ಬರುವ ಟಕ್ ಮತ್ತೊಂದು. ಕೆಲವು ದೊಡ್ಡ ಪೆಟ್ಟಿಗೆಗಳಲ್ಲಿ ಪುಟ್ಟ ಫ್ಯಾನ್ ಇರುತ್ತದೆ, ಅದು ಎಲ್ಲಕ್ಕಿಂತ ಕೆಟ್ಟದ್ದು. ವರ್ಷ ಕಳೆದಂತೆ ಧೂಳು ತುಂಬಿ ಅದರ ದನಿ ಬದಲಾಗುತ್ತದೆ. ಮನೆಯ ಬ್ಯಾಕಪ್‌ಗೆ ಒಂಟಿ ಡಿಸ್ಕ್ ಇರುವ ಪೆಟ್ಟಿಗೆ ಸಾಕು ಅನ್ನುವವರು ಫ್ಯಾನ್ ಇರುವುದನ್ನು ಕಣ್ಣುಮುಚ್ಚಿ ಬಿಟ್ಟುಬಿಡಬಹುದು.

ಮೊದಲನೆಯ ಗುಂಯ್ ಇದೆಯಲ್ಲ, ಅದಕ್ಕೊಂದು ಲೆಕ್ಕವಿದೆ. ನಿಮಿಷಕ್ಕೆ 5400 ಸಲ ತಿರುಗುವ ಡಿಸ್ಕ್ ಸೆಕೆಂಡಿಗೆ 90 ಸಲ ತಿರುಗುತ್ತದೆ. 7200 ಆರ್‌ಪಿಎಂ ಆದರೆ 120 ಸಲ. ಹಾಗಾಗಿ ಒಂದು 90 ಹರ್ಟ್ಜ್ ಸುತ್ತ ಗುನುಗುತ್ತದೆ, ಇನ್ನೊಂದು 120 ಹರ್ಟ್ಜ್ ಸುತ್ತ. ಒಂದು ರಾತ್ರಿ ನಿದ್ದೆ ಬಾರದೆ ಇದನ್ನು ಪರೀಕ್ಷೆ ಮಾಡೋಣ ಅನ್ನಿಸಿತು. ಫೋನಿನಲ್ಲಿ ಸದ್ದಿನ ತರಂಗಗಳನ್ನು ಗೆರೆ ಮಾಡಿ ತೋರಿಸುವ ಆ್ಯಪ್ ಹಾಕಿಕೊಂಡು, ನನ್ನ ಅಂಗೈಯಗಲದ ಡಿಸ್ಕಿನ ಪಕ್ಕ ಮೇಜಿನ ಮೇಲೆ ಇಟ್ಟೆ. 90ರ ಹತ್ತಿರ ಸೂಜಿಯ ಹಾಗೆ ಒಂದು ಗೆರೆ ಎದ್ದು ನಿಂತಿತು. ಸುಮ್ನೆ ಡಿಸ್ಕನ್ನು ಮೇಜಿನಿಂದ ಮೇಲೆತ್ತಿದೆ. ಗೆರೆ ಕುಸಿಯಿತು. ಕಿವಿಗೂ ಕೇಳಿಸುತ್ತಿರಲಿಲ್ಲ. ಮತ್ತೆ ಕೆಳಗಿಟ್ಟರೆ ಮತ್ತೆ ಎದ್ದಿತು. (ತಿರುಗುತ್ತಿರುವ ಡಿಸ್ಕನ್ನು ಹೀಗೆ ಎತ್ತುವುದು ಒಳ್ಳೆಯ ಅಭ್ಯಾಸವಲ್ಲ. ಓದುವ ತಲೆ ತಟ್ಟೆಗಿಂತ ಕೆಲವೇ ನ್ಯಾನೋಮೀಟರ್ ಮೇಲೆ ತೇಲುತ್ತಿರುತ್ತದೆ. ನಿಧಾನಕ್ಕೆ, ಅಡ್ಡಡ್ಡವಾಗಿಯೇ ಎತ್ತಿದೆ ಅನ್ನಿ.)

ಅಂದರೆ ನನಗೆ ಕೇಳಿಸುತ್ತಿದ್ದದ್ದು ಡಿಸ್ಕ್ ಅಲ್ಲ, ಮೇಜು. ತಂಬೂರಿಯ ತಂತಿಗೆ ಬುರುಡೆ ಹೇಗೋ ಈ ಪುಟ್ಟ ಮೋಟಾರಿಗೆ ನನ್ನ ಟೊಳ್ಳು ಮೇಜು ಹಾಗೆ ಆಗಿತ್ತು. ಕೆಳಗೆ ಮೆತ್ತನೆಯ ಫೋಮ್ ತುಂಡು ಇಟ್ಟ ಮೇಲೆ ಗೆರೆ ಹೆಚ್ಚುಕಡಿಮೆ ಮಾಯವಾಯಿತು. ಫೋಮ್ ಇಡುವವರು ಒಂದು ನೋಡಿಕೊಳ್ಳಿ, ಗಾಳಿ ಆಡುವ ತೂತು ಮುಚ್ಚಬಾರದು, ಡಿಸ್ಕನ್ನು ಬಟ್ಟೆಯಲ್ಲಿ ಸುತ್ತಬಾರದು. ತಳದಲ್ಲಿ ನಾಲ್ಕು ಮೂಲೆಗೆ ನಾಲ್ಕು ತುಂಡು ಸಾಕು.

ಅದಕ್ಕೇ ಕಂಪನಿಯವರು ಕೊಡುವ ಡೆಸಿಬಲ್ ಅಂಕಿಯನ್ನು ನಾನು ಪೂರ್ತಿ ನಂಬುವುದಿಲ್ಲ. ಸುಳ್ಳು ಅಂತಲ್ಲ. ಅದು ಬರಿಯ ಡಿಸ್ಕನ್ನು ಸದ್ದಿಲ್ಲದ ಕೋಣೆಯಲ್ಲಿ ಅಳೆದದ್ದು. ಪೆಟ್ಟಿಗೆ ಇಲ್ಲ, ಮೇಜು ಇಲ್ಲ. ಹೋಲಿಸಿ ನೋಡಲಿಕ್ಕೆ ಮಾತ್ರ ಉಪಯೋಗ. ಸ್ಥೂಲವಾಗಿ ಹೇಳುವುದಾದರೆ ಲ್ಯಾಪ್‌ಟಾಪ್ ಅಳತೆಯ 2.5 ಇಂಚಿನ ಡಿಸ್ಕ್ ಸುಮ್ಮನೆ ತಿರುಗುವಾಗ 20ರಿಂದ 25 ಡೆಸಿಬಲ್ ಆಸುಪಾಸು ಇರುತ್ತದೆ. 3.5 ಇಂಚಿನ ದೊಡ್ಡವು ತಲೆ ಓಡಿಸುವಾಗ 30 ದಾಟುತ್ತವೆ. ಹತ್ತು ಡೆಸಿಬಲ್ ಜಾಸ್ತಿ ಅಂದರೆ ಕಿವಿಗೆ ಸುಮಾರು ಎರಡು ಪಟ್ಟು ಜೋರು.

ಹಳಬರಿಗೆ ನೆನಪಿರಬಹುದು, ಹಿಂದಿನ ಡಿಸ್ಕ್‌ಗಳು ಇದಕ್ಕಿಂತ ಬಹಳ ಕೂಗುತ್ತಿದ್ದವು. ಆಗ ಒಳಗೆ ಉಕ್ಕಿನ ಗುಂಡುಗಳ ಬೇರಿಂಗ್ ಇರುತ್ತಿತ್ತು. 2000ದ ದಶಕದ ಮೊದಲಲ್ಲಿ ಅದರ ಜಾಗಕ್ಕೆ ಎಣ್ಣೆಯ ತೆಳು ಪದರದ ಮೇಲೆ ತಿರುಗುವ ಬೇರಿಂಗ್ ಬಂತು, ಆ ಕೀರಲು ದನಿ ಹೋಯಿತು. ತಲೆಯನ್ನು ನಿಧಾನವಾಗಿ ಓಡಿಸಿ ಕಿರ್ ಕಿರ್ ಕಡಿಮೆ ಮಾಡುವ ಒಂದು ಸೆಟ್ಟಿಂಗ್ ಕೂಡ ಆಗ ಇತ್ತು. ಈಗಿನ ಬಹುತೇಕ ಡಿಸ್ಕ್‌ಗಳಲ್ಲಿ ಅದನ್ನು ತೆಗೆದುಬಿಟ್ಟಿದ್ದಾರೆ. ನನಗೆ ಅದರ ಬಗ್ಗೆ ಇನ್ನೂ ಸಿಟ್ಟಿದೆ. ಬ್ಯಾಕಪ್ ಹತ್ತು ನಿಮಿಷ ತಡವಾದರೆ ಯಾರಿಗೇನು ನಷ್ಟ?

ಇನ್ನೊಂದು ಕಥೆ ಹೇಳಲೇಬೇಕು. 2020ರಲ್ಲಿ ಡಿಸ್ಕ್ ತಯಾರಿಸುವ ವೆಸ್ಟರ್ನ್ ಡಿಜಿಟಲ್ ಕಂಪನಿಯ ಕೆಲವು ಡಿಸ್ಕ್‌ಗಳ ವಿವರದಲ್ಲಿ "5400 ಆರ್‌ಪಿಎಂ ಕ್ಲಾಸ್" ಅಂತ ಬರೆದಿತ್ತು. ಕೊಂಡವರು ಕೆಲವರಿಗೆ ಅನುಮಾನ ಬಂದು ಮೈಕ್ ಹಿಡಿದು ರೆಕಾರ್ಡ್ ಮಾಡಿ ನೋಡಿದರು. ಗೆರೆ ಎದ್ದದ್ದು 120 ಹರ್ಟ್ಜ್‌ನಲ್ಲಿ. ಅಂದರೆ 7200. ಕ್ಲಾಸ್ ಅಂದರೆ ತಿರುಗುವ ವೇಗವಲ್ಲ, ಕೆಲಸದ ಮಟ್ಟ ಅನ್ನುವ ಅರ್ಥದ ಸಮಜಾಯಿಷಿ ಕಂಪನಿಯಿಂದ ಬಂತು. ಡಬ್ಬದ ಮೇಲೆ ಬರೆದದ್ದಕ್ಕಿಂತ ಕಿವಿ ಹೇಳಿದ್ದು ಹೆಚ್ಚು ಸರಿ ಇತ್ತು ಅನ್ನುವುದು ನನಗೆ ಈಗಲೂ ಖುಷಿ ಕೊಡುವ ವಿಷಯ.

ಗಂಟೆಗೊಮ್ಮೆ ಏಳುವುದು

ಸದ್ದಿನ ಅರ್ಧ ತೊಂದರೆ ಡಿಸ್ಕಿನದ್ದೇ ಅಲ್ಲ, ಸಾಫ್ಟ್‌ವೇರಿನದ್ದು. ಆಪಲ್‌ನ ಟೈಮ್ ಮಷೀನ್ 2007ರಲ್ಲಿ ಬಂದಾಗ ಗಂಟೆಗೊಮ್ಮೆ ಬ್ಯಾಕಪ್ ಮಾಡುವ ಹಾಗೆ ಬಂತು. ವಿಂಡೋಸ್‌ನ ಫೈಲ್ ಹಿಸ್ಟರಿಯೂ ನಾವು ಮುಟ್ಟದಿದ್ದರೆ ಗಂಟೆಗೊಮ್ಮೆಯೇ. ಕೇಳಲು ಚೆಂದ. ಆದರೆ ಪೋರ್ಟಬಲ್ ಡಿಸ್ಕ್ ಕೆಲವು ನಿಮಿಷ ಕೆಲಸವಿಲ್ಲದಿದ್ದರೆ ಮಲಗಿಬಿಡುತ್ತದೆ. ಗಂಟೆಗೊಮ್ಮೆ ಎಬ್ಬಿಸಿದರೆ ದಿನವಿಡೀ ಏಳುವುದು, ಮಲಗುವುದು. ಒಂದೇ ಸಮ ಇರುವ ಗುಂಯ್ ಅನ್ನು ಕಿವಿ ಮರೆತುಬಿಡುತ್ತದೆ, ಏಳುವ ಮಲಗುವ ಸದ್ದನ್ನು ಮರೆಯುವುದಿಲ್ಲ. ಡಿಸ್ಕಿಗೂ ನಿಲ್ಲಿಸಿ ಶುರು ಮಾಡುವುದು ಶ್ರಮವೇ.

ದಿನಕ್ಕೊಂದು ಸಲ ಸಾಕು ಅನ್ನುವವರು ಹಾಗೆ ಬದಲಾಯಿಸಿಕೊಳ್ಳಬಹುದು. 2022ರಲ್ಲಿ ಬಂದ ವೆಂಚುರಾ ಅನ್ನುವ ಮ್ಯಾಕ್‌ಓಎಸ್ ಆವೃತ್ತಿಯಿಂದ ಈಚೆಗೆ ಮ್ಯಾಕ್‌ನಲ್ಲೇ ಗಂಟೆ, ದಿನ, ವಾರ ಅಂತ ಆರಿಸುವ ಅವಕಾಶ ಇದೆ. ಫೈಲ್ ಹಿಸ್ಟರಿಯಲ್ಲಿ ಮೊದಲಿನಿಂದಲೂ ಇದೆ. ಡಿಸ್ಕ್ ಬದಲಾಯಿಸುವ ಮೊದಲು ಇದನ್ನು ಬದಲಾಯಿಸಿ ನೋಡಿ. ಎಷ್ಟೋ ಜನರಿಗೆ ಅಷ್ಟೇ ಸಾಕಾಗಬಹುದು.

ಇನ್ನು ಕೆಲಸ ಮುಗಿದ ಮೇಲೂ ಡಿಸ್ಕ್ ತನ್ನಷ್ಟಕ್ಕೆ ತಾನು ಕಿರ್ ಅನ್ನುತ್ತಾ ಇರುತ್ತದಲ್ಲ, ಅದರ ಬಗ್ಗೆ ಎರಡು ಮಾತು. ಕಾಪಿ ಮುಗಿದಿದೆ, ಪರದೆಯ ಮೇಲೆ ಏನೂ ನಡೆಯುತ್ತಿಲ್ಲ, ಆದರೆ ಒಳಗೆ ಏನೋ ಪರದಾಟ. ವೈರಸ್ ಅಂದುಕೊಂಡು ಗಾಬರಿಯಾದವರೂ ಇದ್ದಾರೆ. ಈಗಿನ ಪೋರ್ಟಬಲ್ ಡಿಸ್ಕ್‌ಗಳಲ್ಲಿ ಹೆಚ್ಚಿನವು ಎಸ್‌ಎಂಆರ್ ಅನ್ನುವ ವಿಧಾನದವು. ಜಾಗ ಉಳಿಸಲು ಒಂದು ಸಾಲಿನ ಅಂಚಿನ ಮೇಲೆ ಇನ್ನೊಂದು ಸಾಲು ಹತ್ತುವ ಹಾಗೆ ಬರೆಯುತ್ತವೆ. ಹಾಗಾಗಿ ನಡುವಿನ ಒಂದು ಸಾಲನ್ನು ಬದಲಾಯಿಸಬೇಕಾದರೆ ಪಕ್ಕದ ಸಾಲುಗಳನ್ನೂ ಮತ್ತೆ ಬರೆಯಬೇಕು. ಡಿಸ್ಕ್ ಮೊದಲು ಒಂದು ಕಡೆ ಗೀಚಿಟ್ಟುಕೊಂಡು, ಬಿಡುವಾದಾಗ ಸರಿಯಾದ ಜಾಗಕ್ಕೆ ಸಾಗಿಸುತ್ತದೆ. ಆ ಸಾಗಾಟದ ಸದ್ದು ಅದು. ಸಾಲುಗಳು ಒಂದರ ಮೇಲೊಂದು ಹತ್ತದ ಹಳೆಯ ಸಿಎಂಆರ್ ವಿಧಾನದಲ್ಲಿ ಈ ಗೋಳಿಲ್ಲ, ಆದರೆ 2.5 ಇಂಚಿನ ದೊಡ್ಡ ಡಿಸ್ಕ್‌ಗಳಲ್ಲಿ ಅದು ಸಿಗುವುದೇ ಕಷ್ಟ.

ಬ್ಯಾಕಪ್‌ಗೆ ಎಸ್‌ಎಂಆರ್ ಆಗುವುದೇ ಇಲ್ಲ ಅಂತ ವಾದ ಮಾಡುವವರಿದ್ದಾರೆ. ನಾನು ಒಪ್ಪುವುದಿಲ್ಲ. ದೊಡ್ಡ ಫೋಟೋ, ವಿಡಿಯೋ ಒಮ್ಮೆ ಬರೆದು ಇಡುವವರಿಗೆ ಅದು ಸಾಕು. ದಿನಾ ಲಕ್ಷಗಟ್ಟಲೆ ಪುಟ್ಟ ಫೈಲುಗಳನ್ನು ಅಳಿಸಿ ಬರೆಯುವ ಬ್ಯಾಕಪ್ ಆದರೆ ಮಾತ್ರ ಅದು ಏದುಸಿರು ಬಿಡುತ್ತದೆ. ನೀವು ಮಾಡಬೇಕಾದದ್ದು ಇಷ್ಟೇ, ಕಾಪಿ ಮುಗಿದ ತಕ್ಷಣ ಕಿತ್ತುಕೊಳ್ಳದೆ ಅದಕ್ಕೆ ಸ್ವಲ್ಪ ಹೊತ್ತು ಬಿಡಿ.

ಎಸ್‌ಎಸ್‌ಡಿ ತಗೊಂಡ್ರೆ ಆಯ್ತಲ್ವಾ?

ಸದ್ದೇ ಬೇಡ ಅಂದರೆ ತಿರುಗುವ ಭಾಗವೇ ಇಲ್ಲದ ಎಸ್‌ಎಸ್‌ಡಿ ಇದೆ. ಬೀಳಿಸಿದರೂ ಅಷ್ಟು ಬೇಗ ಏನೂ ಆಗುವುದಿಲ್ಲ. ನಿಮ್ಮ ಸರಕು ಒಂದು ಟಿಬಿಯ ಒಳಗಿದ್ದರೆ, ಮೇಜಿನ ಮೇಲೆ ಸದಾ ಸಿಕ್ಕಿಸಿರುವ ಬ್ಯಾಕಪ್‌ಗೆ ನನ್ನ ಓಟು ಅದಕ್ಕೇ. ಮೇಲೆ ಹೇಳಿದ ಗೆಳೆಯನಂಥವರಿಗಂತೂ ಬೇರೆ ಮಾತೇ ಇಲ್ಲ.

ಆದರೆ ಡ್ರಾಯರ್‌ನಲ್ಲಿ ವರ್ಷಗಟ್ಟಲೆ ಮಲಗಿಸಿಡಲು ಎಸ್‌ಎಸ್‌ಡಿ ಬೇಡ. ಅದು ಮಾಹಿತಿಯನ್ನು ವಿದ್ಯುತ್ ಚಾರ್ಜಿನ ರೂಪದಲ್ಲಿ ಹಿಡಿದಿಟ್ಟಿರುತ್ತದೆ, ಕರೆಂಟ್ ಕೊಡದೆ ಇಟ್ಟರೆ ಆ ಚಾರ್ಜ್ ನಿಧಾನವಾಗಿ ಸೋರುತ್ತದೆ. ಜೆಡೆಕ್ ಅನ್ನುವ ಮಾನದಂಡ ಸಂಸ್ಥೆ ಮನೆಬಳಕೆಯ ಎಸ್‌ಎಸ್‌ಡಿಗೆ ಇಟ್ಟಿರುವ ಗುರಿ ಅಂದರೆ, ಬರೆಯುವ ಆಯಸ್ಸು ಪೂರ್ತಿ ತೀರಿದ ಮೇಲೂ 30 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕರೆಂಟಿಲ್ಲದೆ ಒಂದು ವರ್ಷ ಮಾಹಿತಿ ಉಳಿಯಬೇಕು. ಹೊಸ ಎಸ್‌ಎಸ್‌ಡಿ ಇದಕ್ಕಿಂತ ಬಹಳ ಜಾಸ್ತಿ ತಾಳುತ್ತದೆ, ಹೆದರಬೇಕಾಗಿಲ್ಲ. ಆದರೂ ಅದು ಕರೆಂಟ್ ಕಾಣುತ್ತಾ ಇರಬೇಕಾದ ವಸ್ತು. ಕಬ್ಬಿಣದ ಪೆಟ್ಟಿಗೆಯಲ್ಲಿಟ್ಟು ಮರೆಯುವ ವಸ್ತು ಅಲ್ಲ.

ಯಾವುದನ್ನು ನಂಬೋದು?

ಇಲ್ಲಿ ಎಲ್ಲರ ಬಳಿಯೂ ಒಂದೊಂದು ಕಥೆ ಇರುತ್ತದೆ. ಆ ಕಂಪನಿಯದ್ದು ತಗೊಂಡೆ, ವರ್ಷದಲ್ಲಿ ಹೋಯಿತು, ಇನ್ನು ಜನ್ಮದಲ್ಲಿ ಮುಟ್ಟಲ್ಲ. ಈ ಕಂಪನಿಯದ್ದು ಹತ್ತು ವರ್ಷದಿಂದ ಓಡ್ತಾ ಇದೆ. ಎರಡೂ ನಿಜ, ಎರಡರಿಂದಲೂ ಏನೂ ತಿಳಿಯುವುದಿಲ್ಲ. ತಿರುಗುವ ಹಾರ್ಡ್ ಡಿಸ್ಕ್ ತಯಾರಿಸುವವರು ಈಗ ಉಳಿದಿರುವುದೇ ಮೂವರು: ಸೀಗೇಟ್, ವೆಸ್ಟರ್ನ್ ಡಿಜಿಟಲ್, ತೋಷಿಬಾ. ಬೇರೆ ಹೆಸರಿನ ಪೆಟ್ಟಿಗೆ ತೆರೆದರೂ ಒಳಗೆ ಇರುವುದು ಇವರಲ್ಲೊಬ್ಬರ ಡಿಸ್ಕೇ. ಲಾಸೀ ಅಂತ ಚೆಂದದ ಪೆಟ್ಟಿಗೆ ಬರುತ್ತಲ್ಲ, ಆ ಕಂಪನಿಯನ್ನು ಸೀಗೇಟ್ 2012ರಲ್ಲೇ ಕೊಂಡುಕೊಂಡಿದೆ.

ಕೆಲವು ಡಿಸ್ಕ್‌ಗಳ ವಿವರದಲ್ಲಿ ಎಂಟಿಬಿಎಫ್ (ಒಂದು ಕೆಡುವಿಕೆಯಿಂದ ಇನ್ನೊಂದಕ್ಕೆ ಸರಾಸರಿ ಸಮಯ) ಹತ್ತು ಲಕ್ಷ ಗಂಟೆ ಅಂತ ಬರೆದಿರುತ್ತಾರೆ. ಲೆಕ್ಕ ಹಾಕಿದರೆ 114 ವರ್ಷ. ನಿಮ್ಮ ಡಿಸ್ಕ್ 114 ವರ್ಷ ಓಡುತ್ತದೆ ಅಂತ ಅದರ ಅರ್ಥ ಖಂಡಿತ ಅಲ್ಲ. ಸಾವಿರಾರು ಡಿಸ್ಕ್‌ಗಳನ್ನು ಒಟ್ಟಿಗೆ ಓಡಿಸಿದರೆ ವರ್ಷಕ್ಕೆ ನೂರಕ್ಕೆ ಒಂದರ ಹತ್ತಿರ ಕೆಡಬಹುದು ಅನ್ನುವ ಅಂದಾಜು ಅದು. ಬ್ಯಾಕ್‌ಬ್ಲೇಜ್ ಅನ್ನುವ ಕ್ಲೌಡ್ ಬ್ಯಾಕಪ್ ಕಂಪನಿ 2013ರಿಂದ ತನ್ನ ಡಿಸ್ಕ್‌ಗಳ ಸಾವಿನ ಲೆಕ್ಕವನ್ನು ಬಹಿರಂಗವಾಗಿ ಹಾಕುತ್ತಾ ಬಂದಿದೆ. ಅದರಲ್ಲಿ ಈಚಿನ ವರ್ಷಗಳಲ್ಲಿ ನೂರಕ್ಕೆ ಒಂದೂವರೆ ಆಸುಪಾಸು ಕಾಣುತ್ತದೆ. ಆದರೆ ಅವು ಡೇಟಾ ಸೆಂಟರ್‌ನಲ್ಲಿ ತಣ್ಣಗೆ ಕೂತಿರುವ ದೊಡ್ಡ ಡಿಸ್ಕ್‌ಗಳು. ಬ್ಯಾಗಿನಲ್ಲಿ ಕುಲುಕಾಡುವ ನಮ್ಮ ಪುಟ್ಟ ಡಿಸ್ಕಿನ ಹಣೆಬರಹ ಅದರಲ್ಲಿ ಬರೆದಿಲ್ಲ.

ಮೊದಲೇ ಸೂಚನೆ ಕೊಡುತ್ತದಾ? ಕೆಲವು ಸಲ. ಸ್ಮಾರ್ಟ್ ಅನ್ನುವ ಸ್ವಯಂ ತಪಾಸಣೆ ಪ್ರತಿ ಡಿಸ್ಕಿನಲ್ಲೂ ಇದೆ. ಕ್ರಿಸ್ಟಲ್‌ಡಿಸ್ಕ್‌ಇನ್ಫೋ ಥರದ ಸಾಫ್ಟ್‌ವೇರಿನಲ್ಲಿ 5, 197, 198 ಈ ಮೂರು ಸಾಲು ನೋಡಿ. ಕೆಟ್ಟ ಜಾಗಗಳ ಲೆಕ್ಕ ಅದು, ಸೊನ್ನೆ ಇದ್ದರೆ ಸರಿ. ಏರುತ್ತಾ ಹೋದರೆ ಆ ಡಿಸ್ಕಿಗೆ ನಮಸ್ಕಾರ ಹಾಕಿ. ಗೂಗಲ್‌ನವರು 2007ರಲ್ಲಿ ಲಕ್ಷಕ್ಕಿಂತ ಹೆಚ್ಚು ಡಿಸ್ಕ್‌ಗಳನ್ನು ಗಮನಿಸಿ ಒಂದು ಅಧ್ಯಯನ ಪ್ರಕಟಿಸಿದರು. ಮೇಲ್ಮೈ ತಪಾಸಣೆಯಲ್ಲಿ ಮೊದಲ ದೋಷ ಕಂಡ ಡಿಸ್ಕ್ 60 ದಿನದೊಳಗೆ ಸಾಯುವ ಸಾಧ್ಯತೆ ದೋಷವಿಲ್ಲದ್ದಕ್ಕಿಂತ 39 ಪಟ್ಟು ಜಾಸ್ತಿ ಅಂತ ಕಂಡಿತು. ಅದೇ ಅಧ್ಯಯನದ ಇನ್ನೊಂದು ಮಾತು ಹೆಚ್ಚು ಮುಖ್ಯ: ಸತ್ತ ಡಿಸ್ಕ್‌ಗಳಲ್ಲಿ ಮೂರನೇ ಒಂದು ಭಾಗಕ್ಕಿಂತ ಜಾಸ್ತಿ ಯಾವ ಸೂಚನೆಯನ್ನೂ ಕೊಡದೆ ಸತ್ತಿದ್ದವು.

ಹಾಗಾಗಿ ಒಂದು ನಂಬಿಕಸ್ತ ಡಿಸ್ಕ್ ಹುಡುಕುವುದನ್ನು ನಾನು ಬಿಟ್ಟಿದ್ದೇನೆ. ಒಂದು ದುಬಾರಿ ಡಿಸ್ಕಿನ ಬದಲು ಎರಡು ಸಾಧಾರಣ ಡಿಸ್ಕ್, ಬೇರೆ ಬೇರೆ ಕಂಪನಿಯವು, ಬೇರೆ ಬೇರೆ ಸಮಯದಲ್ಲಿ ಕೊಂಡವು. ಸದ್ದಿನ ಪ್ರಶ್ನೆಯೂ ಇಲ್ಲೇ ಬಗೆಹರಿಯುತ್ತದೆ ನೋಡಿ. ಸದಾ ಸಿಕ್ಕಿಸಿರುವುದು ಸದ್ದು ಮಾಡಬಾರದು, ಅದು ಎಸ್‌ಎಸ್‌ಡಿ ಅಥವಾ ಅಂಗೈಯಗಲದ 2.5 ಇಂಚಿನದ್ದು. ಇನ್ನೊಂದು ಎಷ್ಟು ಬೇಕಾದರೂ ಗಲಾಟೆ ಮಾಡಲಿ, 3.5 ಇಂಚಿನ ದೊಡ್ಡದೇ ಇರಲಿ, ಯಾಕೆಂದರೆ ಅದನ್ನು ಹಚ್ಚುವುದು ಆಗೊಮ್ಮೆ ಈಗೊಮ್ಮೆ, ನಾವು ಕೋಣೆಯಲ್ಲಿ ಇಲ್ಲದಾಗ. ಉಳಿದ ದಿನ ಅದು ಕಿತ್ತೇ ಇರಬೇಕು, ಸಾಧ್ಯವಾದರೆ ಬೇರೆ ಮನೆಯಲ್ಲಿ. ಫೈಲುಗಳಿಗೆ ಬೀಗ ಹಾಕಿ ಹಣ ಕೇಳುವ ರ‍್ಯಾನ್ಸಮ್‌ವೇರ್ ಬಂದರೆ, ಸಿಕ್ಕಿಸಿದ ಬ್ಯಾಕಪ್ ಡಿಸ್ಕಿಗೂ ಬೀಗ ಬೀಳುತ್ತದೆ. ಕಿತ್ತಿಟ್ಟ ಡಿಸ್ಕನ್ನು ಅದು ಮುಟ್ಟಲಾರದು. ಕಿತ್ತಿಡುವುದನ್ನು ಆಗಲೇ ಬೈದೆ, ಈಗ ಹೊಗಳುತ್ತಿದ್ದೇನೆ. ಬೇಕೆಂದೇ ಕಿತ್ತಿಡುವುದು ಬೇರೆ, ತಲೆನೋವು ತಾಳಲಾರದೆ ಕಿತ್ತಿಡುವುದು ಬೇರೆ.

ಕೊಳ್ಳುವಾಗ, ಕೊಂಡ ಮೇಲೆ

ಯಾರೂ ಅಷ್ಟಾಗಿ ಮಾತಾಡದ ಭಾಗ ಕೇಬಲ್ ಮತ್ತು ಅದರ ಬಾಯಿ. ಎಷ್ಟೋ ಪೋರ್ಟಬಲ್ ಡಿಸ್ಕ್‌ಗಳಲ್ಲಿ ಇನ್ನೂ ಆ ಅಗಲವಾದ, ಎರಡು ಭಾಗದ ಮೈಕ್ರೋ-ಬಿ ಬಾಯಿ ಇದೆ. ಸ್ವಲ್ಪ ಅಡ್ಡ ಎಳೆದರೂ ಸಡಿಲವಾಗುತ್ತದೆ. ಡಿಸ್ಕ್ ತಂತಾನೇ ಕಾಣೆಯಾಗಿ ಮತ್ತೆ ಪ್ರತ್ಯಕ್ಷವಾದರೆ ಬಹಳ ಸಲ ತಪ್ಪು ಇದರದ್ದೇ. ಟೈಪ್-ಸಿ ಇರುವುದು ಸಿಕ್ಕರೆ ಅದನ್ನೇ ತಗೊಳ್ಳಿ. ಕೆಲವು ಡಿಸ್ಕ್‌ಗಳಲ್ಲಿ ಯುಎಸ್‌ಬಿ ಬಾಯಿಯನ್ನು ಡಿಸ್ಕಿನ ಬೋರ್ಡಿಗೇ ಬೆಸೆದಿರುತ್ತಾರೆ. ಡಿಸ್ಕನ್ನು ಕಂಪ್ಯೂಟರಿಗೋ ಬೇರೆ ಪೆಟ್ಟಿಗೆಗೋ ಜೋಡಿಸುವ ಮಾಮೂಲಿ ಸಾಟಾ ಬಾಯಿಯೇ ಒಳಗೆ ಇರುವುದಿಲ್ಲ, ಬಾಯಿ ಮುರಿದರೆ ಡಿಸ್ಕನ್ನು ಬಿಚ್ಚಿ ಬೇರೆ ಪೆಟ್ಟಿಗೆಗೆ ಹಾಕುವ ದಾರಿಯೂ ಮುಚ್ಚುತ್ತದೆ.

ಕರೆಂಟಿನ ವಿಷಯವೂ ಇದೆ. ಹಳೆಯ ಯುಎಸ್‌ಬಿ 2 ಪೋರ್ಟ್ ಕೊಡುವುದು 500 ಮಿಲಿಆಂಪ್, ಯುಎಸ್‌ಬಿ 3 ಕೊಡುವುದು 900. ಡಿಸ್ಕ್ ತಿರುಗಲು ಶುರು ಮಾಡುವ ಗಳಿಗೆಯಲ್ಲಿ ಉಳಿದ ಸಮಯಕ್ಕಿಂತ ಜಾಸ್ತಿ ಎಳೆಯುತ್ತದೆ. ಅಡಾಪ್ಟರ್ ಇಲ್ಲದ ಹಬ್‌ಗೆ ಸಿಕ್ಕಿಸಿದರೆ ಟಕ್, ಗುಂಯ್, ಮತ್ತೆ ಟಕ್ ಅಂತ ಎದ್ದೇಳಲು ಒದ್ದಾಡುತ್ತದೆ. ಡಿಸ್ಕ್ ಸತ್ತಿತು ಅಂತ ತೀರ್ಮಾನಿಸುವ ಮುನ್ನ ನೇರ ಕಂಪ್ಯೂಟರಿಗೇ ಸಿಕ್ಕಿಸಿ ನೋಡಿ. ಅಲ್ಲೂ ಅದೇ ಟಕ್ ಟಕ್ ಇದ್ದರೆ ಮಾತ್ರ ಚಿಂತೆ. ಆಗ ಮತ್ತೆ ಮತ್ತೆ ಹಚ್ಚಿ ಆರಿಸಿ ಪ್ರಯೋಗ ಮಾಡಬೇಡಿ, ತಲೆ ತಟ್ಟೆಯನ್ನು ಇನ್ನಷ್ಟು ಗೀರಬಹುದು. ವಾರಂಟಿ ಕಾರ್ಡ್ ಹುಡುಕುವವರಿಗೆ ಒಂದು ಮಾತು: ವಾರಂಟಿಯಲ್ಲಿ ಸಿಗುವುದು ಹೊಸ ಡಿಸ್ಕ್, ಒಳಗಿದ್ದ ಫೋಟೋ ಅಲ್ಲ.

ಹೊಸ ಡಿಸ್ಕ್ ಬಂದ ದಿನ ನಾನು ಬ್ಯಾಕಪ್ ಶುರು ಮಾಡುವುದಿಲ್ಲ. ಮೊದಲು ಅಂಚಿನಿಂದ ಅಂಚಿಗೆ ಪೂರ್ತಿ ಬರೆದು, ಪೂರ್ತಿ ಓದಿಸುತ್ತೇನೆ. 4 ಟಿಬಿಯ ಡಿಸ್ಕ್ ಸೆಕೆಂಡಿಗೆ 100 ಎಂಬಿ ಬರೆದರೂ ಒಂದು ಸುತ್ತಿಗೆ 11 ಗಂಟೆ ಬೇಕು, ಓದಲು ಮತ್ತೆ ಅಷ್ಟೇ. ಬಂದಾಗಲೇ ಏನಾದರೂ ಕೊರತೆ ಇದ್ದರೆ ಇಷ್ಟರಲ್ಲಿ ಹೊರಗೆ ಬೀಳುವ ಸಾಧ್ಯತೆ ಹೆಚ್ಚು, ವಾಪಸ್ ಕೊಡುವ ಅವಧಿಯೂ ಮುಗಿದಿರುವುದಿಲ್ಲ. ಅದರ ಸದ್ದು ಹೇಗಿದೆ ಅಂತ ಕಿವಿಗೂ ಪರಿಚಯ ಆಗುತ್ತದೆ, ಮುಂದೆ ದನಿ ಬದಲಾದರೆ ತಿಳಿಯುತ್ತದೆ. ಈ ಸುತ್ತು ಮುಗಿದ ಮೇಲೆ ಡಿಸ್ಕಿನ ಬೆನ್ನಿಗೆ ಒಂದು ಚೀಟಿ ಅಂಟಿಸಿ ತಿಂಗಳು, ವರ್ಷ ಬರೆಯುತ್ತೇನೆ. ಐದು ವರ್ಷದ ಹತ್ತಿರ ಬಂದರೆ, ಚೆನ್ನಾಗಿ ಓಡುತ್ತಿದ್ದರೂ ಅದನ್ನು ದಿನದ ಕೆಲಸದಿಂದ ಬಿಡಿಸಿ, ಮೇಲೆ ಹೇಳಿದ ಎರಡು ಡಿಸ್ಕ್‌ಗಳ ಜೊತೆಗೆ ಇನ್ನೊಂದು ಹೆಚ್ಚುವರಿ ನಕಲಿಗೆ ಹಾಕುತ್ತೇನೆ.